ಶಾಟ್ ಮಧ್ಯೆ ಇಂಟರ್‌ವಲ್ ಬೇಡ

ಮಾನ್ಯರೆ,

ಥಿಯೇಟರ್ ನಡೆಸುವವರಲ್ಲಿ ಒಂದು ವಿನಂತಿ. ಶಾಟ್ (ಕ್ಯಾಮೆರಾ ನಿಲ್ಲಿಸದೆ ಒಂದೇ ಓಟದಲ್ಲಿ ತೆಗೆದ ತುಣುಕು) ಓಡುತ್ತಿರುವಾಗ ದಯವಿಟ್ಟು ಇಂಟರ್‌ವಲ್ ಬಿಡಬೇಡಿ. ಕಳೆದ ವಾರ ಬಳ್ಳಾರಿಯ ಥಿಯೇಟರೊಂದರಲ್ಲಿ ಹೀಗೇ ಆಯಿತು. ಕ್ಯಾಮೆರಾ ಹುಡುಗನ ಬೆನ್ನು ಹತ್ತಿ ಬೀದಿ ದಾಟಿ, ಮನೆಯೊಳಗೆ ಹೊಕ್ಕು, ಮೆಟ್ಟಿಲು ಏರಿತ್ತು. ಎಲ್ಲೂ ಕಟ್ ಇಲ್ಲ. ಇನ್ನೇನು ಬಾಗಿಲು ತೆರೆಯಬೇಕು, ಅಷ್ಟರಲ್ಲಿ ದೀಪ ಹತ್ತಿ ಗುಟ್ಕಾ ಬೇಡ ಎನ್ನುವ ಜಾಹೀರಾತು!

ರೀಲಿನ ಕಾಲದಲ್ಲಿ ನಾನು ಇದೇ ಊರಲ್ಲಿ ಪ್ರೊಜೆಕ್ಟರ್ ಓಡಿಸುವ ಆಪರೇಟರ್ ಆಗಿದ್ದೆ. ಕನ್ನಡ, ತೆಲುಗು ಸಿನಿಮಾಗಳಲ್ಲಿ ‘ವಿಶ್ರಾಂತಿ’ ಎಲ್ಲಿ ಅಂತ ನಿರ್ದೇಶಕರೇ ಹಾಕಿರುತ್ತಿದ್ದರು. ಇಂಗ್ಲಿಷ್ ಸಿನಿಮಾ ಆದರೆ ರೀಲು ಮುಗಿದಲ್ಲಿ ನಿಲ್ಲಿಸುತ್ತಿದ್ದೆವು. ಅಲ್ಲಿ ಹೇಗೂ ಕಟ್ ಇರುತ್ತಿತ್ತು. ಈಗ ಕಂಪ್ಯೂಟರ್‌ನಲ್ಲಿ ಎಲ್ಲಿ ಬೇಕಾದರೂ ತುಂಡು ಮಾಡಬಹುದು.

ಉದ್ದ ಶಾಟ್ ಅಂದರೆ ಸುಮ್ನೆ ಕ್ಯಾಮೆರಾದವನ ಶೋಕಿ ಎನ್ನುವವರಿದ್ದಾರೆ. ಕೆಲವು ಸಲ ಅದೂ ಹೌದು. ಆದರೆ ಅದು ಸುಲಭದ ಕೆಲಸವಲ್ಲ. 35 ಎಂಎಂ ಫಿಲ್ಮ್ ಸಾವಿರ ಅಡಿ ಓಡುವುದು ಸುಮಾರು 11 ನಿಮಿಷ. ಕ್ಯಾಮೆರಾಕ್ಕೆ ಹಾಕುತ್ತಿದ್ದುದೇ ಅಷ್ಟು. ನಿರ್ದೇಶಕ ಹಿಚ್‌ಕಾಕ್ 1948ರಲ್ಲಿ ‘ರೋಪ್’ ಸಿನಿಮಾವನ್ನು ನಿಲ್ಲದೆ ಓಡಿದ ಹಾಗೆ ತೆಗೆದಾಗ ಫಿಲ್ಮ್ ಮುಗಿಯುವ ಹೊತ್ತಿಗೆ ಕ್ಯಾಮೆರಾವನ್ನು ನಟನ ಬೆನ್ನಿಗೆ ತಂದು ಕಟ್ ಮುಚ್ಚಿದರು. ಥಿಯೇಟರಿನ ರೀಲು ಬದಲಾಗುವ ಕಡೆ ಮಾತ್ರ ಮುಚ್ಚಲಿಲ್ಲ, ನೇರವಾಗಿಯೇ ಕಟ್ ಮಾಡಿದರು. ಅಲ್ಲಿ ಒಂದು ಪ್ರೊಜೆಕ್ಟರ್ ನಿಲ್ಲಿಸಿ ಇನ್ನೊಂದು ಓಡಿಸಬೇಕಲ್ವಾ! ನಮ್ಮಂಥವರ ಕಷ್ಟ ಗೊತ್ತಿದ್ದ ಮನುಷ್ಯ.

ಆಮೇಲೆ ಡಿಜಿಟಲ್ ಬಂತು, ಫಿಲ್ಮ್ ಮುಗಿಯುವ ಚಿಂತೆ ಹೋಯಿತು. 2002ರ ‘ರಷ್ಯನ್ ಆರ್ಕ್’ ಒಂದೂವರೆ ಗಂಟೆ ಮೀರಿದ ಸಿನಿಮಾ, ಪೂರ್ತಿ ಒಂದೇ ಶಾಟ್.

ನಮ್ಮ ಕಡೆಯ ಬಯಲಾಟ ನೋಡಿದವರಿಗೆ ಈ ರುಚಿ ಹೊಸದಲ್ಲ. ಪಾತ್ರಧಾರಿ ಪದ ತಪ್ಪಿದರೆ, ಹೆಜ್ಜೆ ಎಡವಿದರೆ ಊರೆಲ್ಲ ನೋಡುತ್ತದೆ. ಉದ್ದ ಶಾಟ್‌ನಲ್ಲೂ ಅದೇ ಪುಕುಪುಕು. ಎಂಟನೇ ನಿಮಿಷದಲ್ಲಿ ಯಾರೋ ಮಾತು ಮರೆತರೆ ಮತ್ತೆ ಮೊದಲಿಂದ ಶುರು. ಕಟ್ ಆಗುತ್ತಿದ್ದರೆ ಕಣ್ಣು ಎಲ್ಲಿ ನೋಡಬೇಕೆಂದು ಎಡಿಟರ್ ಹೇಳುತ್ತಾನೆ. ಇಲ್ಲಿ ನಾವೇ ಹುಡುಕಬೇಕು: ಮೂಲೆಯಲ್ಲಿ ನಿಂತವನು ಯಾರು, ಬಾಗಿಲ ಹಿಂದೆ ಏನಿದೆ. ಇದನ್ನು ಅರ್ಧಕ್ಕೆ ಕಡಿದರೆ ಟಿಕೆಟ್ ದುಡ್ಡು ಪೂರ್ತಿ ಯಾಕೆ ಕೊಡಬೇಕು?

ಸರಿಯಾದ ಜಾಗ ಹುಡುಕುವುದು ಕಷ್ಟವೇನಲ್ಲ. 2019ರ ‘1917’ ಇಡೀ ಸಿನಿಮಾ ನಿಲ್ಲದೆ ಓಡಿದ ಹಾಗೆ ಕಾಣುತ್ತದೆ. ಅದರಲ್ಲೂ ಅರ್ಧ ದಾಟಿದ ಮೇಲೆ ಸೈನಿಕ ಪ್ರಜ್ಞೆ ತಪ್ಪಿ ಬೀಳುತ್ತಾನೆ, ಪರದೆ ಕಪ್ಪಾಗುತ್ತದೆ. ಇಂಟರ್‌ವಲ್‌ಗೆ ಅದಕ್ಕಿಂತ ಒಳ್ಳೆ ಜಾಗ ಬೇಕಾ? ಶುಕ್ರವಾರ ಮೊದಲ ಆಟಕ್ಕೆ ಮುಂಚೆ ಯಾರಾದರೂ ಒಬ್ಬರು ಸಿನಿಮಾ ನೋಡಿ ಗುರುತು ಹಾಕಿಕೊಳ್ಳಲಿ. ಐದು ನಿಮಿಷ ಆಚೀಚೆ ಆದರೆ ಕ್ಯಾಂಟೀನ್ ವ್ಯಾಪಾರವೇನೂ ಬಿದ್ದುಹೋಗುವುದಿಲ್ಲ.

– ಹಳೆಯ ಆಪರೇಟರ್, ಬಳ್ಳಾರಿ