ಮಾಯದ ಹುಣ್ಣಿಗೆ ಬರೀ ಡ್ರೆಸ್ಸಿಂಗ್ ಸಾಲದು

ಮಾನ್ಯ ಸಂಪಾದಕರೇ,

ನಾನು ಹುಬ್ಬಳ್ಳಿಯಲ್ಲಿ ಸರ್ಜರಿ ವಾರ್ಡಿನ ನರ್ಸ್. ಚರ್ಮದ ಕ್ಯಾನ್ಸರ್ ನಮ್ಮ ಜನರಲ್ಲಿ ಕಡಿಮೆ ಅಂತಾರೆ. ನಿಜವೇ. ಆದರೆ ಆ ಮಾತೇ ಡಾಕ್ಟರ ತಲೆಯಲ್ಲಿ ಕೂತುಬಿಟ್ಟರೆ ಕಷ್ಟ.

ನವಲಗುಂದ ಕಡೆಯ ರೈತರೊಬ್ಬರು ಅಂಗಾಲಿನ ಕಪ್ಪು ಹುಣ್ಣು ತೋರಿಸೋಕೆ ಬರ್ತಾರೆ ಅಂದುಕೊಳ್ಳಿ. ಶುಗರ್ ಇದೆ. ಮೊದಲು ನೋಡಿದವರು ಚೀಟಿಯಲ್ಲಿ ‘ಶುಗರ್ ಗಾಯ’ ಅಂತ ಬರೆದರೆ ಮುಗೀತು, ಆಮೇಲೆ ಬರುವ ಪ್ರತಿಯೊಬ್ಬರೂ ಚೀಟಿ ಓದುತ್ತಾರೆ, ಹುಣ್ಣು ನೋಡೋದು ಕಡಿಮೆ. ಅಂಚು ಸ್ವಲ್ಪ ಒಣಗಿದರೆ ಗುಣ ಆಗ್ತಿದೆ ಅಂತಾರೆ, ರಕ್ತ ಬಂದರೆ ಬರಿಗಾಲಲ್ಲಿ ಹೊಲಕ್ಕೆ ಹೋಗಿದ್ದಕ್ಕೆ ಅಂತಾರೆ. ಆದರೆ ಅದು ಕ್ಯಾನ್ಸರ್ ಕೂಡ ಆಗಿರಬಹುದು. ನಮ್ಮಂಥ ಚರ್ಮದವರಿಗೆ ಮೆಲನೋಮ ಅನ್ನೋ ಚರ್ಮದ ಕ್ಯಾನ್ಸರ್ ಬಂದರೆ ಅಂಗಾಲು, ಅಂಗೈ, ಉಗುರಿನ ಕೆಳಗೇ ಜಾಸ್ತಿ. ಹಳೇ ಸುಟ್ಟ ಕಲೆಯ ಮೇಲೆ ಮತ್ತೆ ಮತ್ತೆ ಆಗುವ ಹುಣ್ಣೂ ವರ್ಷಗಳ ನಂತರ ಕ್ಯಾನ್ಸರ್ ಆಗಬಹುದು.

ಇವರು ಕೆಟ್ಟ ಡಾಕ್ಟರುಗಳಲ್ಲ. ಮೊದಲು ಸಿಕ್ಕ ಅಂದಾಜಿಗೇ ಮನಸ್ಸು ಜೋತುಬೀಳುತ್ತದೆ ಅಂತ ಟ್ವೆರ್ಸ್ಕಿ, ಕಾನೆಮನ್ ಅನ್ನೋ ಮನಶ್ಶಾಸ್ತ್ರಜ್ಞರು 1974ರಲ್ಲೇ ತೋರಿಸಿದ್ದರು. ಎಷ್ಟೇ ಓದಿದವರೂ ಇದಕ್ಕೆ ಹೊರತಲ್ಲ.

ಆಪರೇಷನ್ ಟೇಬಲ್ ಮೇಲೂ ಇದೇ ಕಥೆ. ಕಳೆದ ಸಲ ಮುಖದ ಕಲೆ ನೋಡಿ ಒಬ್ಬ ಹೆಣ್ಣುಮಗಳು ಅತ್ತಿದ್ದರೆ, ಈ ಸಲ ಮೂಗಿನ ಪಕ್ಕದ ಗಡ್ಡೆಯ ಸುತ್ತ ಚರ್ಮ ಕಮ್ಮಿ ತೆಗೆಯೋಣ ಅನಿಸುತ್ತದೆ. ಹಿಂದಿನ ಯಾವುದೋ ಪೇಶಂಟ್‌ಗೆ ಕ್ಯಾನ್ಸರ್ ಮರುಕಳಿಸಿದ್ದರೆ ಬೇಕಿಲ್ಲದಷ್ಟು ಅಗಲ ಕತ್ತರಿಸುತ್ತಾರೆ. ಎಷ್ಟು ತೆಗೆಯಬೇಕು ಅನ್ನೋದನ್ನು ಈ ಗಡ್ಡೆಯ ಜಾತಿ, ಜಾಗ, ದಪ್ಪ ಹೇಳಬೇಕು, ಅಲ್ವಾ? ಒಂದು ಮಿಲಿಮೀಟರ್‌ವರೆಗಿನ ದಪ್ಪದ ಮೆಲನೋಮಕ್ಕೆ ಸುತ್ತ 1 ಸೆಂಟಿಮೀಟರ್, ಎರಡಕ್ಕಿಂತ ದಪ್ಪ ಇದ್ದರೆ 2 ಸೆಂಟಿಮೀಟರ್ ಅನ್ನೋ ಲೆಕ್ಕ ಇರೋದು ಅದಕ್ಕೇ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಆಸ್ಪತ್ರೆಗಳಲ್ಲಿ ಒಂದು ನಿಯಮ ಬರಲಿ. ವಾರಗಟ್ಟಲೆ ಡ್ರೆಸ್ಸಿಂಗ್ ಮಾಡಿದರೂ ಮಾಯದ ಹುಣ್ಣಿನ ತುಂಡನ್ನು, ಯಾರಿಗೆ ಏನೇ ಅನಿಸಲಿ, ಬಯಾಪ್ಸಿಗೆ, ಅಂದರೆ ಕ್ಯಾನ್ಸರ್ ಇದೆಯೇ ಅಂತ ಲ್ಯಾಬಿನಲ್ಲಿ ನೋಡೋಕೆ, ಕಳಿಸಲೇಬೇಕು. ಆಪರೇಷನ್ ಮೊದಲು ಇನ್ನೊಬ್ಬ ಸರ್ಜನ್ ಹಳೇ ಚೀಟಿ ಓದದೆ ಪೇಶಂಟ್‌ನ ನೋಡಲಿ. ಡ್ರೆಸ್ಸಿಂಗ್ ಮಾಡುವ ನರ್ಸ್ ‘ಸಾರ್, ಇದು ಬೇರೆ ಥರ ಕಾಣ್ತಿದೆ’ ಅಂದರೆ ಅದನ್ನು ಕೇಸ್ ಶೀಟಿನಲ್ಲಿ ಬರೆಯಲಿ. ದಿನಾ ಆ ಗಾಯ ಬಿಚ್ಚಿ ನೋಡೋರು ನಾವು.

ಮನೆಯವರಿಗೂ ಒಂದು ಮಾತು. ಚಾಕು ತಾಗಿದರೆ ಕ್ಯಾನ್ಸರ್ ಹರಡುತ್ತೆ ಅಂತ ಹೆದರಿ ಬಯಾಪ್ಸಿ ಬೇಡ ಅನ್ನಬೇಡಿ. ಆಪರೇಷನ್ ಆದ ಮೇಲೆ ಪೆಥಾಲಜಿ ರಿಪೋರ್ಟ್ ಕೇಳಿ ಪಡೆಯಿರಿ. ತೆಗೆದ ತುಂಡಿನ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೋ ಇಲ್ಲವೋ ಅಂತ ಅದರಲ್ಲಿ ಬರೆದಿರುತ್ತದೆ.

— ಒಬ್ಬ ಸ್ಟಾಫ್ ನರ್ಸ್, ಹುಬ್ಬಳ್ಳಿ