ಮಟ್ಟೆ ರಾಶಿ ಯಾಕೆ ಕೊಳೆಯಲ್ಲ

ಹೈಡೆಲ್‌ಬರ್ಗ್,
ಭಾನುವಾರ

ಅಪ್ಪನಿಗೆ ನಮಸ್ಕಾರಗಳು.

ಹೋದ ವಾರ ಫೋನಿನಲ್ಲಿ ನೀವು ಎರಡು ಪ್ರಶ್ನೆ ಕೇಳಿದಿರಿ. ಪಂಪ್‌ಹೌಸ್ ಹಿಂದಿನ ತೆಂಗಿನಕಾಯಿ ಮಟ್ಟೆ ರಾಶಿ ಮೂರು ಮಳೆಗಾಲ ಕಂಡರೂ ಯಾಕೆ ಗೊಬ್ಬರ ಆಗಿಲ್ಲ, ನಾನಿಲ್ಲಿ ದಿನವಿಡೀ ಏನು ಮಾಡ್ತೀನಿ. ಎರಡಕ್ಕೂ ಉತ್ತರ ಒಂದೇ: ಲಿಗ್ನಿನ್, ಅಂದ್ರೆ ಮರಕ್ಕೆ, ನಾರಿಗೆ ಗಟ್ಟಿತನ ಕೊಡೋ ವಸ್ತು. ಆವತ್ತು ಹೇಳೋಕೆ ಹೋಗಿ ತೊದಲಿದೆ, ಅದಕ್ಕೇ ಈ ಕಾಗದ.

ಎಳನೀರಿಗೆ ಮಚ್ಚು ಸಲೀಸಾಗಿ ಇಳಿಯುತ್ತೆ, ನಾರೂ ಬೆಳ್ಳಗೆ. ಅದೇ ಕಾಯಿ ಬಲಿತರೆ ಹಾರೆಗೆ ಚುಚ್ಚಿ ಮೈಭಾರ ಹಾಕಬೇಕು, ನಾರು ಕಂದು. ಬಲಿಯೋ ಹೊತ್ತಿಗೆ ನಾರಿನಲ್ಲಿ ಲಿಗ್ನಿನ್ ತುಂಬಿಕೊಂಡಿರುತ್ತೆ. ಅದನ್ನ ತಯಾರಿಸೋಕೆ ಜೀವಕೋಶವು ಮೊದಲು ಫಿನೈಲ್‌ಅಲನಿನ್ ಅನ್ನೋ ಅಮೈನೊ ಆಮ್ಲದಿಂದ ಅಮೋನಿಯಾ ಕಳಚುತ್ತೆ. ಉಳಿಯೋದು ಸಿನಮಿಕ್ ಆಮ್ಲ, ಚಕ್ಕೆಯ ಘಮಕ್ಕೆ ಹತ್ತಿರದ ನೆಂಟ. ಅಲ್ಲಿಂದ ಒಂದೊಂದು ಹಂತಕ್ಕೂ ಒಂದೊಂದು ಕಿಣ್ವ (ರಾಸಾಯನಿಕ ಕ್ರಿಯೆ ನಡೆಸಿಕೊಡೋ ಪ್ರೋಟೀನ್) ಕೆಲಸ ಮಾಡಿ ಮುಖ್ಯವಾಗಿ ಮೂರು ಆಲ್ಕೊಹಾಲ್ ತಯಾರಾಗುತ್ತೆ: ಕೂಮರಿಲ್, ಕೊನಿಫೆರಿಲ್, ಸಿನಾಪಿಲ್. (ಚಿಕ್ಕಪ್ಪ ಕಿವಿ ನಿಮಿರಿಸೋದು ಬೇಡ, ಇದು ಕುಡಿಯೋದಲ್ಲ.)

ಇಲ್ಲಿವರೆಗೆ ಎಲ್ಲ ಲೆಕ್ಕಾಚಾರ. ಆಮೇಲೆ ನೋಡಿ. ಇವು ಕೋಶದ ಗೋಡೆಗೆ ಬಂದಾಗ ಲ್ಯಾಕೇಸ್, ಪೆರಾಕ್ಸಿಡೇಸ್ ಅನ್ನೋ ಕಿಣ್ವಗಳು ಒಂದೊಂದು ಅಣುವಿನಿಂದಲೂ ಒಂದು ಎಲೆಕ್ಟ್ರಾನ್ ಕಿತ್ತುಕೊಳ್ತವೆ. ಕಳಕೊಂಡ ಅಣು ಸುಮ್ಮನಿರಲಾರದು, ಎದುರು ಸಿಕ್ಕಿದ್ದಕ್ಕೆ ಅಂಟಿಕೊಳ್ಳುತ್ತೆ. ಹೆಚ್ಚಿನ ಗಂಟುಗಳು ಆಮ್ಲಜನಕದ ಮೂಲಕ, ಕೆಲವು ನೇರ ಇಂಗಾಲಕ್ಕೆ ಇಂಗಾಲ. ಹೀಗೇ ಜೋಡಿಸು ಅಂತ ಹೇಳೋ ಮೇಸ್ತ್ರಿ ಅಲ್ಲಿಲ್ಲ ಅನ್ನೋದನ್ನ ಬಹಳ ಜನ ಒಪ್ಪಿದ್ದಾರೆ. ನಾರಿನಲ್ಲೇ ಇರೋ ಇನ್ನೊಂದು ವಸ್ತು ಸೆಲ್ಯುಲೋಸ್ ನೀವು ಹೊಸೆಯೋ ಹಗ್ಗದ ಹಾಗೆ, ಉದ್ದಕ್ಕೂ ಒಂದೇ ಹುರಿ. ತುದಿ ಸಿಕ್ಕರೆ ಸೂಕ್ಷ್ಮಜೀವಿ ಬಿಚ್ಚುತ್ತಾ ಹೋಗುತ್ತೆ. ಲಿಗ್ನಿನ್ ಹಾಗಲ್ಲ, ಸಿಕ್ಕುಬಿದ್ದ ದಾರದ ಹಾಗೆ. ಒಂದು ಗಂಟಿಗೆ ಕಂಡ ಉಪಾಯ ಪಕ್ಕದ ಗಂಟಿಗೆ ನಡೆಯಲ್ಲ. ನಿಮ್ಮ ರಾಶಿ ಹಾಗೇ ಕೂತಿರೋದು ಅದಕ್ಕೆ.

ಇದೇ ಊರಿನ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಫ್ರಾಯ್ಡೆನ್‌ಬರ್ಗ್ ಅನ್ನೋ ರಸಾಯನ ವಿಜ್ಞಾನಿ ಅಣಬೆಯಿಂದ ತೆಗೆದ ಕಿಣ್ವವನ್ನ ಕೊನಿಫೆರಿಲ್ ಆಲ್ಕೊಹಾಲ್‌ಗೆ ಬೆರೆಸಿ, ಗಾಜಿನ ಪಾತ್ರೆಯಲ್ಲೇ ಲಿಗ್ನಿನ್‌ನಂಥದ್ದನ್ನ ಮಾಡಿ ತೋರಿಸಿದ್ದರು. ನಾನೂ ಅದನ್ನೇ ಮಾಡಿದೆ. ತಳದಲ್ಲಿ ಚಿಟಿಕೆ ಪುಡಿ ಕೂತಿತ್ತು. ಎರಡು ತಿಂಗಳ ಕೆಲಸ ಇಷ್ಟೇನಾ ಅನ್ನಿಸ್ತು, ಸುಳ್ಳು ಹೇಳಲ್ಲ.

ಈ ಸಿಕ್ಕನ್ನ ಬಿಡಿಸೋ ವಿದ್ಯೆ ಚೆನ್ನಾಗಿ ಕಲಿತಿರೋದೂ ಅಣಬೆಗಳೇ. ಇಡೀ ಮಟ್ಟೆ ಬೇಡ, ನಾರು ತೆಗೆದ ಮೇಲೆ ಉಳಿಯೋ ಪುಡಿ ಸಾಕು. ಅದರ ಪದರಗಳ ನಡುವೆ ಚಿಪ್ಪು ಅಣಬೆಯ ಬೀಜ, ಒಂದಿಷ್ಟು ಯೂರಿಯಾ ಹಾಕಿ, ನೆರಳಲ್ಲಿ ತೇವ ಆರದ ಹಾಗೆ ನೋಡ್ಕೊಳ್ಳಿ. ಪುಡಿ ಕಪ್ಪಗಾಗ್ತಾ ಬಂದರೆ ನನಗೊಂದು ಫೋಟೋ ಕಳಿಸಿ.

ಅಟ್ಟದ ಕೊಬ್ಬರಿ ಇಳಿಸಿದಿರಾ? ಅರಸೀಕೆರೆಗೆ ಹಾಕೋ ಮುಂಚೆ ಅವ್ವನಿಗೆ ನಾಲ್ಕು ಗಿಟಕು ತೆಗೆದಿಡೋಕೆ ಹೇಳಿ, ಬಂದಾಗ ಬೆಲ್ಲದ ಜೊತೆ ತಿನ್ನಬೇಕು.

ನಿಮ್ಮ ಮಗಳು