ಮೈನಸ್ ವಿ ಒತ್ತೋ ಮುಂಚೆ ಸ್ವಲ್ಪ ನಿಲ್ಲಿ

ಸಂಪಾದಕರಿಗೆ ನಮಸ್ಕಾರ,

ಪುಣೆಯಲ್ಲಿ ನಾವು ಕೆಲವು ಕನ್ನಡದ ಗೆಳೆಯರು ಸೇರಿ ಇಲ್ಲಿನ ಸಂಘಗಳ ಹಳೇ ಸ್ಮರಣ ಸಂಚಿಕೆ, ಫೋಟೋ, ನಾಟಕದ ಕರಪತ್ರ ಎಲ್ಲಾ ಸ್ಕ್ಯಾನ್ ಮಾಡಿ, ದಾಖಲೆಗಳ ಕ್ಯಾಟಲಾಗ್ ಜಾಲತಾಣ ನಡೆಸೋ ಸಾಫ್ಟ್‌ವೇರ್ ಆದ ಸೀಕ್ಯಾನ್‌ನಲ್ಲಿ ಹಾಕ್ತಿದೀವಿ. ಬ್ರಿಟನ್ ಸರ್ಕಾರದ ಡೇಟಾ ಪೋರ್ಟಲ್ ನಡೆಯೋದೂ ಇದೇ ಓಪನ್ ಸೋರ್ಸ್ ಸಾಫ್ಟ್‌ವೇರ್ ಮೇಲೆ. ಡಾಕರ್ (ಸಾಫ್ಟ್‌ವೇರನ್ನ ಕಂಟೇನರ್ ಅನ್ನೋ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸೋ ಸಾಧನ) ಇದ್ರೆ ಇದನ್ನ ಹಾಕ್ಕೊಳ್ಳೋಕೆ ಒಂದೇ ಕಮಾಂಡ್ ಸಾಕು ಅಂತ ಎಲ್ರೂ ಹೇಳ್ತಾರೆ, ಪತ್ರಿಕೆಗಳ ಟೆಕ್ ಅಂಕಣದಲ್ಲೂ ಹಾಗೇ ಬರುತ್ತೆ, ಆದ್ರೆ ಆ ಒಂದು ಕಮಾಂಡ್ ಕೈಕೊಟ್ರೆ ಮುಂದೇನು ಅಂತ ಕನ್ನಡದಲ್ಲಿ ಬರೆದಿದ್ದು ನನ್ ಕಣ್ಣಿಗಂತೂ ಬಿದ್ದಿಲ್ಲ.

ಸೀಕ್ಯಾನ್ ಒಂಟಿ ಪ್ರೋಗ್ರಾಂ ಅಲ್ಲ, ಹಿಂದೆ ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್, ಸೋಲರ್ ಅನ್ನೋ ಸರ್ಚ್ ಎಂಜಿನ್, ತಾತ್ಕಾಲಿಕ ಮಾಹಿತಿ ಇಡೋ ರೆಡಿಸ್ ಬೇರೆಬೇರೆ ಕಂಟೇನರಲ್ಲಿ ಓಡ್ತಿರುತ್ವೆ. ಬ್ರೌಸರಲ್ಲಿ ಬರೋ ಎರರ್ ನೋಡಿ ಏನೂ ಗೊತ್ತಾಗಲ್ಲ, ಡಾಕರ್ ಕಂಪೋಸ್ ಲಾಗ್ಸ್ ಅಂತ ಹೊಡೆದು ಯಾವ ಕಂಟೇನರ್ ಅಳ್ತಿದೆ ನೋಡ್ಬೇಕು. ಡೇಟಾಬೇಸ್ ವಿಳಾಸ ಲೋಕಲ್‌ಹೋಸ್ಟ್ (ಅಂದ್ರೆ ಇದೇ ಯಂತ್ರ) ಅಂತ ಕೊಟ್ಟಿದ್ರೆ ಅದು ಆ ಕಂಟೇನರ್ ಒಳಗೇ ಹುಡುಕುತ್ತೆ, ಕಂಪೋಸ್ ಫೈಲಲ್ಲಿ ಡೇಟಾಬೇಸಿಗೆ ಇಟ್ಟಿರೋ ಸರ್ವೀಸ್ ಹೆಸರೇ ಕೊಡ್ಬೇಕು.

ಜನ ನಿಜವಾಗಿ ಸಿಕ್ಕಿಹಾಕ್ಕೊಳ್ಳೋದು ಪಾಸ್‌ವರ್ಡ್‌ನಲ್ಲಿ. ಎನ್ವ್ ಫೈಲಲ್ಲಿ (ಸೆಟ್ಟಿಂಗ್ಸ್ ಬರೆದಿಡೋ ಫೈಲ್) ಪಾಸ್‌ವರ್ಡ್ ಬದಲಾಯ್ಸಿ ಡಾಕರ್ ಕಂಪೋಸ್ ಅಪ್ ಅಂತ ಮತ್ತೆ ಶುರು ಮಾಡಿದ್ರೆ ಸೀಕ್ಯಾನ್ ಹೊಸದನ್ನ ಹಿಡ್ಕೊಂಡು ಹೋಗಿ ಬಾಗಿಲು ತಟ್ಟುತ್ತೆ, ಪೋಸ್ಟ್‌ಗ್ರೆಸ್ ಮಾತ್ರ ಹಳೇದೇ ಕೇಳುತ್ತೆ, ಯಾಕಂದ್ರೆ ಅದರ ಡಾಕರ್ ಇಮೇಜ್ (ಕಂಟೇನರ್ ತಯಾರಾಗೋ ಅಚ್ಚು) ಆ ಫೈಲಿನ ಪಾಸ್‌ವರ್ಡ್ ತಗೊಳ್ಳೋದು ಡೇಟಾ ವಾಲ್ಯೂಮ್ (ಕಂಟೇನರ್ ಹೋದ್ರೂ ಡೇಟಾ ಉಳಿಯೋ ಜಾಗ) ಖಾಲಿ ಇದ್ದಾಗ, ಅಂದ್ರೆ ಮೊದಲ ಸಲ ಮಾತ್ರ. ಆಗ ನೆಟ್ಟಲ್ಲಿ ಹುಡುಕಿದ್ರೆ ಸಿಗೋ ಸಲಹೆ ಒಂದೇ, ಡಾಕರ್ ಕಂಪೋಸ್ ಡೌನ್ ಮೈನಸ್ ವಿ (docker compose down -v). ಹಾಗೆ ಮಾಡಿದ್ರೆ ಸರಿಹೋಗುತ್ತೆ, ಸುಳ್ಳಲ್ಲ, ಯಾಕಂದ್ರೆ ವಾಲ್ಯೂಮೇ ಅಳಿಸಿಹೋಗಿರುತ್ತೆ! ನೆಗಡಿ ಅಂತ ಮೂಗು ಕೊಯ್ದ ಹಾಗೆ. ನಮ್ಮ ಗುಂಪಿನ ಹುಡುಗನೊಬ್ಬ ಇದನ್ನೇ ಟೈಪ್ ಮಾಡಿ ಎಂಟರ್ ಒತ್ತೋದ್ರಲ್ಲಿದ್ದ, ಪಕ್ಕದಲ್ಲಿದ್ದವರು ಕೈ ಹಿಡಿದ್ರು. ಡೇಟಾಬೇಸ್ ಕಂಟೇನರ್ ಒಳಗೆ ಹೋಗಿ ಪಿಎಸ್‌ಕ್ಯೂಎಲ್‌ನಲ್ಲಿ (ಪೋಸ್ಟ್‌ಗ್ರೆಸ್‌ಗೆ ಆದೇಶ ಕೊಡೋ ಸಾಧನ) ಆಲ್ಟರ್ ಯೂಸರ್ ಕಮಾಂಡ್ ಹಾಕಿ ಹೊಸ ಪಾಸ್‌ವರ್ಡ್ ಕೊಟ್ರೆ ಕೆಲಸ ಮುಗೀತು, ಸೀಕ್ಯಾನಿನ ಡೇಟಾಸ್ಟೋರ್ (ಕೋಷ್ಟಕದ ಡೇಟಾ ಇಡೋ ಇನ್ನೊಂದು ಡೇಟಾಬೇಸ್) ಯೂಸರ್‌ದು ಪಾಸ್‌ವರ್ಡ್ ಬೇರೆ ಇರುತ್ತೆ, ಅದನ್ನೂ ಬದಲಾಯ್ಸಿದ್ರೆ ಅದಕ್ಕೂ ಇದೇ ಉಪಾಯ.

ಎಲ್ಲಾ ವಾಲ್ಯೂಮೂ ಒಂದೇ ಬೆಲೆದಲ್ಲ. ಸೋಲರ್‌ದು ಹೋದ್ರೆ ಸರ್ಚ್ ಇಂಡೆಕ್ಸ್ ರೀಬಿಲ್ಡ್ ಮಾಡಿದ್ರಾಯ್ತು, ಡೇಟಾಬೇಸಿಂದ ಮತ್ತೆ ಕಟ್ಕೊಳ್ಳುತ್ತೆ. ಪೋಸ್ಟ್‌ಗ್ರೆಸ್ ಹೋದ್ರೆ ವಾಪಸ್ ತರೋಕೆ ಪಿಜಿ ಡಂಪ್, ಅಂದ್ರೆ ಡೇಟಾಬೇಸಿನ ಬ್ಯಾಕಪ್ ಪ್ರತಿ, ಇರ್ಲೇಬೇಕು. ಆದ್ರೆ ಅಪ್‌ಲೋಡ್ ಮಾಡಿದ ಸ್ಕ್ಯಾನ್ ಫೈಲುಗಳು ಆ ಡಂಪ್‌ನಲ್ಲಿ ಬರಲ್ಲ, ಅವು ಸೀಕ್ಯಾನಿನ ಸ್ಟೋರೇಜ್ ವಾಲ್ಯೂಮಲ್ಲಿ ಬೇರೆ ಇರ್ತವೆ, ಡಂಪ್ ತಗೊಂಡೆ ಅಂತ ನಿಶ್ಚಿಂತೆಯಿಂದ ಕೂತವರು ಇದನ್ನ ಮರೀತಾರೆ.

ನಿಮ್ಮ ಅಂಕಣದವರು ಮುಂದಿನ ಸಲ ಒಂದೇ ಕಮಾಂಡ್ ಅಂತ ಬರೆಯುವಾಗ ಬ್ಯಾಕಪ್ ಕಮಾಂಡನ್ನೂ ಅದರ ಕೆಳಗೇ ಅಚ್ಚು ಹಾಕ್ಲಿ, ಎರಡು ಸಾಲಿನ ಜಾಗ ಸಾಕು.

ಒಬ್ಬ ಓದುಗ, ಕೋಥ್ರೂಡ್, ಪುಣೆ